ಐದು ಗುಂಡು, ಹತ್ತು ತೂತು

ಮೊಮ್ಮಕ್ಕಳೇ, ಭಾಗ್ಯ, ಮಲ್ಲು, ಇಬ್ಬರೂ ಒಂದು ಕಡೆ ಕುಳಿತು ಓದಿರಿ. ಬಾಯಿಬಿಟ್ಟು ಹೇಳಲು ನಿಮ್ಮ ಆಯಿಗೆ ನಾಚಿಕೆ. ಆಡಕಿಯ ಶಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಕಲಿತ ನಾನು, ಮಾಸ್ತರರು ಪ್ರಶ್ನೆ ಕೇಳಿದರೆ ಉತ್ತರ ಗೊತ್ತಿದ್ದರೂ ಎದ್ದು ನಿಲ್ಲುತ್ತಿರಲಿಲ್ಲ. ಪಾಟಿಯ ಮೇಲೆ ಬರೆದು ಪಕ್ಕದವಳ ಕೈಗೆ ಕೊಡುತ್ತಿದ್ದೆ. ಆಕೆ ಎದ್ದು ನಿಂತು ಓದಿ ಶಾಭಾಸ್ ಅನ್ನಿಸಿಕೊಳ್ಳುತ್ತಿದ್ದಳು. ನನ್ನ ಜನ್ಮವೆಲ್ಲ ಹೀಗೇ ಹೋಯಿತು ಅನ್ನುವುದಕ್ಕೆ ಈಗ ಬರೆಯುವ ಸಂಗತಿಯೇ ಸಾಕ್ಷಿ.

ನಮ್ಮ ಪಡಸಾಲೆಯಲ್ಲಿ, ನಿಮ್ಮ ಮುತ್ಯಾನ, ಅಂದರೆ ನನ್ನ ಯಜಮಾನರ ಫೋಟೋದ ಪಕ್ಕ, ಗೋಡೆಗೆ ಒಂದು ಕಟ್ಟಿಗೆಯ ಗೂಟವಿದೆಯಲ್ಲ, ಅದು ನನ್ನದು. ಮನೆ ಯಾರ ಹೆಸರಿಗಾದರೂ ಇರಲಿ, ಗೂಟ ನನ್ನದು. ಅದರ ಮೇಲೆ ನನ್ನ ಕವಣಿ ತೂಗುತ್ತಿತ್ತು. ನಾನು ಭಂಕೂರಿಗೆ ಸೊಸೆಯಾಗಿ ಬಂದಾಗ ಹೊಲದಲ್ಲಿ ಬಿಳಿಜೋಳ ಬಿತ್ತುತ್ತಿದ್ದರು. ತೆನೆಯಲ್ಲಿ ಹಾಲು ತುಂಬಿತೆಂದರೆ ಗುಬ್ಬಿ, ಗಿಳಿ, ಬೆಳವಗಳ ದಂಡೇ ಬಂದು ಇಳಿಯುತ್ತಿತ್ತು. ನಾನು ಅಟ್ಟದ ಮೇಲೆ ನಿಂತು, ಕವಣಿಯ ಹಗ್ಗದ ನಡುವೆ ಕಲ್ಲಿಟ್ಟು, ತಲೆಯ ಸುತ್ತ ಮೂರು ಸುತ್ತು ತಿರುಗಿಸಿ, ‘ಹೋ... ಹೋಯ್!’ ಎಂದು ಕೂಗಿ ಬಿಟ್ಟೆನೆಂದರೆ ಹಕ್ಕಿಗಳು ಶಹಾಬಾದ ದಾಟಿ ಹೋಗುತ್ತಿದ್ದವು. ಮಲ್ಲು, ನೀನು ಸಣ್ಣವನಿದ್ದಾಗ ಉಣ್ಣಲು ಹಟ ಮಾಡಿದರೆ ನಾನು ಗೂಟ ತೋರಿಸಿ ಈ ಕಥೆ ಹೇಳುತ್ತಿದ್ದೆ. ನೀನು ಬೆರಗಾಗಿ ಬಾಯಿ ತೆರೆಯುತ್ತಿದ್ದೆ. ತುತ್ತು ಒಳಗೆ!

ಕಥೆಯಲ್ಲಿ ಒಂದು ಭಾಗವನ್ನು ಮಾತ್ರ ನಾನು ಬಿಟ್ಟುಬಿಡುತ್ತಿದ್ದೆ. ಬದುವಿನ ಆಚೆಯ ಹೊಲ ನಿಮ್ಮ ಸಣ್ಣಾಯಿಯದು, ಅಂದರೆ ಇದೇ ಮನೆಯಲ್ಲಿರುವ ನನ್ನ ಮೈದುನನ ಹೆಂಡತಿ, ನೆಗೆಣ್ಣಿ ಕಾಶಮ್ಮನದು. ಅಲ್ಲೂ ಒಂದು ಅಟ್ಟ, ಅದರ ಮೇಲೆ ಕಾಶಮ್ಮ. ನನ್ನ ಕಣ್ಣು ನನ್ನ ತೆನೆಗಳ ಮೇಲೆ ನಿಲ್ಲುತ್ತಲೇ ಇರಲಿಲ್ಲ. ಆಕೆಯ ಹೊಲದಲ್ಲಿ ಎಷ್ಟು ಹಕ್ಕಿ ಕೂತಿವೆ, ಆಕೆ ಎಷ್ಟು ಓಡಿಸಿದಳು ಎಂದು ಎಣಿಸುವುದೇ ನನ್ನ ಕೆಲಸ. ಎಣಿಸುತ್ತಾ ಎಣಿಸುತ್ತಾ ಕೈ ತಾನಾಗಿಯೇ ಅತ್ತ ತಿರುಗಿ, ಕಲ್ಲು ಆಕೆಯ ಹೊಲದಲ್ಲೇ ಬೀಳುತ್ತಿತ್ತು. ಆಕೆಯ ಹಕ್ಕಿಗಳು ಎದ್ದು ನನ್ನ ಹೊಲಕ್ಕೆ ಬಂದು ಕೂರುತ್ತಿದ್ದವು. ರಾಶಿ ಮಾಡುವಾಗ ಅತ್ತೆಯವರು, “ಕಾಶಿ ಭಾಳ ಚಲೋ ಕಾದಾಳ” ಎನ್ನುತ್ತಿದ್ದರು. ನಿಮ್ಮ ಮುತ್ಯಾ ಒಬ್ಬರೇ ನಿಜ ಕಂಡುಹಿಡಿದಿದ್ದರು. “ನಾಗಮ್ಮ, ನಿನ್ನ ಕವಣಿ ತನ್ನ ಹೊಲ ಒಂದು ಬಿಟ್ಟು ಊರ ಹೊಲ ಎಲ್ಲಾ ಕಾಯ್ತದ ನೋಡು” ಎಂದು ನಕ್ಕಿದ್ದರು. ನಾನು ಎರಡು ದಿನ ಅವರಿಗೆ ಬಿಸಿರೊಟ್ಟಿ ಕೊಡಲಿಲ್ಲ.

ಈಗ ಹೊಲದಲ್ಲೆಲ್ಲ ತೊಗರಿ. ತೊಗರಿಗೆ ಕವಣಿ ಬೇಕಿಲ್ಲ. ಕವಣಿ ಗೂಟದ ಮೇಲೆ, ನಾನು ಗೂಟದ ಕೆಳಗೆ. ಇಬ್ಬರೂ ನಿವೃತ್ತರಾಗಿ ಸುಖವಾಗಿದ್ದೆವು.

ಅಷ್ಟರಲ್ಲಿ ಭಾಗ್ಯ, ನೀನು ಬಂದೂಕಿನ ಕ್ಲಾಸಿಗೆ ಸೇರಿದೆ.

ವಾಡಿಯಲ್ಲಿ ಫೌಜಿನಿಂದ ಬಂದ ಸುಬೇದಾರರೊಬ್ಬರು ಬಳಸದೆ ಬಿದ್ದಿದ್ದ ಪರ್ಸಿ ಹಾಸುಗಲ್ಲಿನ ಶೆಡ್ಡೊಂದರಲ್ಲಿ ಮಕ್ಕಳಿಗೆ ಗುರಿ ಹೊಡೆಯಲು ಕಲಿಸತೊಡಗಿದ್ದರು. ಗಾಳಿಯ ಒತ್ತಡದಿಂದ ಹಾರುವ ಗುಂಡು, ಹತ್ತು ಮೀಟರ್ ದೂರದಲ್ಲಿ ರೊಟ್ಟಿಯಗಲದ ಹಾಳೆ, ಹಾಳೆಯ ನಡುವೆ ಪೂರಿಯಷ್ಟು ಕಪ್ಪು, ಹಿಂದೆ ಮರಳಿನ ಚೀಲಗಳು. ನಿನ್ನನ್ನು ಭಾನುವಾರ ಟಂಟಂ ಆಟೋದಲ್ಲಿ ಕರೆದುಕೊಂಡು ಹೋಗಿ ಬರಲು ಮನೆಯವರೊಬ್ಬರು ಬೇಕಿತ್ತು. ಎಲ್ಲರೂ ನನ್ನನ್ನು ನೋಡಿದರು. ನಾನು ಸೆರಗು ಎಳೆದುಕೊಂಡು, “ನಾ ಒಲ್ಲೆವ್ವ, ಗಂಡಸರು ಕುಂತಿರ್ತಾರ. ಕಾಶಿನ್ನ ಕಳಸ್ರಿ” ಎಂದೆ.

ಮಕ್ಕಳೇ, ಈ ಅನಾಹುತದ ಅಡಿಗಲ್ಲನ್ನು ಇಟ್ಟವಳು ನಾನೇ ಎಂಬುದನ್ನು ದಯಮಾಡಿ ಗಮನಿಸಬೇಕು.

ಕಾಶಮ್ಮ ಹೋದಳು. ಮೂರನೆಯ ಭಾನುವಾರ ಸುಬೇದಾರರು, “ಸುಮ್ನ ಯಾಕ ಕುಂದರ್ತೀರಿ ಅವ್ವಾರ, ನೀವೂ ಒಂದು ಕೈ ನೋಡ್ರಿ” ಎಂದು ಬಂದೂಕು ಕೊಟ್ಟರಂತೆ. ಈಕೆ ಸೆರಗು ಸೊಂಟಕ್ಕೆ ಸಿಗಿಸಿ ಐದು ಗುಂಡು ಹೊಡೆದಳಂತೆ. ಮೂರು ಕಪ್ಪಿನೊಳಗೆ! ಆ ಹೊತ್ತಿಗೆ ಕ್ಲಾಸಿಗೆ ಸುಧಾರಿಸಿದ ಹೊಸ ಬಂದೂಕು ಬಂತು. ಭಾಗ್ಯ, ನೀನೇ ನನಗೆ ಅದರ ಮಹಿಮೆ ವರ್ಣಿಸಿದ್ದೆ.

“ಆಯಿ, ಹಳೇದಕ್ಕ ಒಂದೊಂದು ಸಲಾನೂ ನಳಿಗಿ ಮಡಚಿ ಗುಂಡು ಹಾಕಬೇಕಿತ್ತು. ಇದು ಸೆಮಿ ಆಟೋಮ್ಯಾಟಿಕ್. ಐದು ಒಮ್ಮಿಗೇ ತುಂಬಿಟ್ರ ಸಾಕು. ಘೋಡಾ ಒತ್ತಿದಾಗೊಮ್ಮೆ ಒಂದು ಹೋಗ್ತದ, ಇನ್ನೊಂದು ತಾನೇ ಬಂದು ಕುಂದರ್ತದ. ಮ್ಯಾಲ ದುರ್ಬೀನ್ ಬ್ಯಾರೆ. ಸಣ್ಣಾಯಿ ಅದರಾಗ ಐದಕ್ಕ ಐದೂ ಕಪ್ಪಿನಾಗ ಹೊಡದಾಳ!”

ಹೀಗೆ ಹೇಳಿದ ನೀನು, ಕಾಶಮ್ಮನ ಆ ಹಾಳೆಗೆ ದಾರ ಪೋಣಿಸಿದೆ. ಪಡಸಾಲೆಯಲ್ಲಿ ಸುತ್ತ ನೋಡಿದೆ. ನಿನಗೆ ಕಂಡದ್ದು ಒಂದೇ ಗೂಟ.

ಕವಣಿ ಇಳಿಯಿತು. ಹಾಳೆ ಏರಿತು!

ನಾನು ‘ಚಲೋ ಆತು’ ಎಂದು ನಕ್ಕೆ. ಒಳಗೆ ಮಾತ್ರ ಹಸಿಮೆಣಸಿನಕಾಯಿ ಖಾರ ಕಲ್ಲಿನ ಮೇಲೆ ಅರೆದು ಹಚ್ಚಿದ ಹಾಗೆ ಉರಿಯುತ್ತಿತ್ತು. ಮರುದಿನ ಅಡುಗೆಮನೆಗೆ ಹೋಗಿ ನೋಡುತ್ತೇನೆ, ನನ್ನ ಕವಣಿಯಲ್ಲಿ ಉಳ್ಳಾಗಡ್ಡಿಯ ಗೊಂಚಲು ತೂಗುತ್ತಿದೆ.

“ಯಕ್ಕಾ, ಹಗ್ಗ ಭಾಳ ಗಟ್ಟಿ ಅದ ನೋಡು. ಸುಮ್ನ ಬಿದ್ದಿತ್ತು, ಕೆಲಸಕ್ಕ ಬಂತು” ಎಂದಳು ಕಾಶಮ್ಮ, ಹೊಗಳುವ ದನಿಯಲ್ಲಿ. ಆಕೆಗೆ ಕಪಟ ಗೊತ್ತಿಲ್ಲ. ಅದೇ ನನ್ನ ಕಷ್ಟ. ಕೆಟ್ಟವಳಾಗಿದ್ದರೆ ನಾನು ನೆಮ್ಮದಿಯಿಂದ ಹೊಟ್ಟೆಕಿಚ್ಚು ಪಡಬಹುದಿತ್ತು.

ಗೂಟ ಮರಳಿ ಪಡೆಯಲೇಬೇಕು ಎಂದು ನಾನು ಅಂದೇ ನಿಶ್ಚಯಿಸಿದೆ. ಮೊದಲು ಕೈ ಪರೀಕ್ಷೆ. ಮನೆಯಲ್ಲಿ ಯಾರೂ ಹೊರಗೆ ಕಾಣದ ಹೊತ್ತು ನೋಡಿ ಉಳ್ಳಾಗಡ್ಡಿ ಬಿಚ್ಚಿಟ್ಟು, ಕವಣಿ ಹಿಡಿದು ಹಿತ್ತಲಿಗೆ ಹೋದೆ. ಗೋಡೆಯ ಮೇಲೆ ಒಂದು ತೆಂಗಿನ ಚಿಪ್ಪು ಇಟ್ಟೆ. ಕಲ್ಲಿಟ್ಟು, ಒಂದು ಸುತ್ತು, ಎರಡು ಸುತ್ತು, ಮೂರು ಸುತ್ತು. ಬಿಟ್ಟೆ! ಚಿಪ್ಪು ಅಲುಗಲಿಲ್ಲ. ಕಲ್ಲು ಎಲ್ಲಿ ಹೋಯಿತೆಂದು ಮುಂದೆ ಹುಡುಕುತ್ತಿರುವಾಗ ಬೆನ್ನ ಹಿಂದೆ ನಮ್ಮದೇ ಮನೆಯ ತಗಡಿನ ಮೇಲೆ ‘ಢಣ್!’ ಎಂದಿತು.

ಕಾಶಮ್ಮ ಒಳಗಿನಿಂದ ಓಡಿ ಬಂದಳು. “ಯಾರ ಅವ್ರು ಕಲ್ಲ ಒಗಿಲಿಕತ್ತಾರ? ಮಂಗ್ಯಾ ಬಂದದೇನು ಯಕ್ಕಾ?”

ಕವಣಿಯನ್ನು ಸೆರಗಿನೊಳಗೆ ಮುಚ್ಚಿಕೊಂಡು, “ಹೌದವ್ವ, ಮಂಗ್ಯಾ” ಎಂದೆ.

“ಭಾಳ ದೊಡ್ಡದಿತ್ತೇನು?”

“ನನ್ನಷ್ಟಿತ್ತು” ಎಂದೆ. ಆ ದಿನ ನಾನು ಆಡಿದ ಒಂದೇ ಸತ್ಯ ಅದು.

ಕವಣಿ ಕೈಕೊಟ್ಟ ಮೇಲೆ ಉಳಿದದ್ದು ಬಂದೂಕೊಂದೇ. ಒಲೆ ಊದುವ ಕೊಳವಿಯನ್ನು ಹೆಗಲಿಗೆ ಆನಿಸಿಕೊಂಡು, ಒಂದು ಕಣ್ಣು ಮುಚ್ಚಿ, ಗೋಡೆಯ ಕ್ಯಾಲೆಂಡರಿನ ಅಮಾವಾಸ್ಯೆಯ ಕಪ್ಪು ಚುಕ್ಕೆಗೆ ಗುರಿಯಿಡುವ ಅಭ್ಯಾಸ ಶುರುಮಾಡಿದೆ. ಉಸಿರು ಹಿಡಿಯಬೇಕು ಎಂದು ನೀನು ಮಲ್ಲುವಿಗೆ ಹೇಳುವುದನ್ನು ಕದ್ದು ಕೇಳಿದ್ದೆ. ರೊಟ್ಟಿ ಬಡಿಯುವಾಗಲೂ ಉಸಿರು ಹಿಡಿದೆ. ಒಂದು ದಿನ ಮಲ್ಲು ಬಂದು, “ಆಯಿ, ಮಾರಿ ಯಾಕ ಕೆಂಪಗ ಆಗ್ಯಾದ? ಡಾಕ್ಟರ್‌ನ ಕರೀಲೇನು?” ಎಂದು ಗಾಬರಿಯಾದ. ಇದು ನನ್ನ ತರಬೇತಿಗೆ ದೊರೆತ ಮೊದಲ ಮನ್ನಣೆ.

ಅಷ್ಟರಲ್ಲೇ ನೀನು ಸುದ್ದಿ ತಂದೆ, ಭಾಗ್ಯ. ಬರುವ ಭಾನುವಾರ ಮಕ್ಕಳನ್ನು ಕರೆತರುವ ಹೆಂಗಸರಿಗೇ ಒಂದು ಪಂದ್ಯ. ತಲಾ ಐದು ಗುಂಡು. ಗೆದ್ದವರಿಗೆ ಎಲ್ಲರೆದುರು ಚಪ್ಪಾಳೆ, ಕೊರಳಿಗೆ ಪದಕ.

“ನಾನೂ ಬರ್ತೀನಿ” ಎಂದೆ.

ಮನೆಯಲ್ಲಿ ಎಲ್ಲರೂ ಊಟ ನಿಲ್ಲಿಸಿದರು.

“ಆಯಿ, ನೀ ಕಿರಾಣಿ ಅಂಗಡ್ಯಾಗ ಸಕ್ಕರಿ ಕೇಳಾಕ ನಾಚ್ತಿ!” ಎಂದೆ ನೀನು.

“ಸಕ್ಕರಿ ಬ್ಯಾರೆ, ಬಂದೂಕು ಬ್ಯಾರೆ” ಎಂದೆ ಗಂಭೀರವಾಗಿ. ಬಂದೂಕಿಗೆ ಮಾತಾಡುವ ಅಗತ್ಯವಿಲ್ಲ, ಅದೇ ಅದರ ಗುಣ ಎಂದು ಆಗ ನನಗೆ ಅನ್ನಿಸಿತ್ತು.

ಎಲ್ಲರಿಗಿಂತ ಹೆಚ್ಚು ಖುಷಿಪಟ್ಟವಳು ಕಾಶಮ್ಮ. “ಯಕ್ಕ ಬಂದ್ರ ಮುಗೀತು! ಕವಣಿ ಒಗದ ಕೈ ಅದು” ಎಂದಳು. ಹೇಳಿದೆನಲ್ಲ, ಒಳ್ಳೆಯವಳು. ನನ್ನ ಉರಿ ಇನ್ನೊಂದು ಗೇಣು ಮೇಲೆದ್ದಿತು.

ಭಾನುವಾರ ಟಂಟಂನಲ್ಲಿ ವಾಡಿಗೆ ಹೋದೆವು. ಶೆಡ್ಡಿನಲ್ಲಿ ಹತ್ತಾರು ಜನ. ಚಿತ್ತಾಪುರದಿಂದ ಬಂದ ಟೀಚರೊಬ್ಬರು ಆಗಲೇ ಹೊಡೆದು ಮುಗಿಸಿ ಎಲ್ಲರಿಗಿಂತ ಮುಂದಿದ್ದರು. ಉಳಿದವರು ನಾವಿಬ್ಬರೇ. ಅಕ್ಕಪಕ್ಕದಲ್ಲಿ ಎರಡು ಮೇಜು, ಎದುರಿಗೆ ಎರಡು ಹಾಳೆ. ಸಾಲಿನಲ್ಲಿ ಮೂರನೆಯ ನಂಬರಿನ ಹಾಳೆ ನನ್ನದು, ನಾಲ್ಕನೆಯದು ಕಾಶಮ್ಮನದು. ಹಾಳೆಗಳ ಕೆಳಗೆ ಹೆಸರು ಬರೆದವಳು ನೀನೇ, ಭಾಗ್ಯ. ಆಕೆಯ ಹೆಸರನ್ನು ಕೆಂಪು ಶಾಯಿಯಲ್ಲಿ, ಸುತ್ತ ಬಳ್ಳಿ ಬಿಡಿಸಿ ಬರೆದಿದ್ದೆ. ನನ್ನದನ್ನು ನೀಲಿ ಪೆನ್ನಿನಲ್ಲಿ. ಬಳ್ಳಿ ಇರಲಿಲ್ಲ.

ಸುಬೇದಾರರು ನನಗೆ ಹಳೆಯ ಬಂದೂಕು ತೋರಿಸಿದರು. “ಅವ್ವಾರ, ನೀವು ಹೊಸಬರು. ಇದು ಹಿಡೀರಿ. ಒಂದು ಗುಂಡು ಹೊಡಿಯೂದು, ತಲಿ ಎತ್ತೂದು, ನಳಿಗಿ ಮಡಚೂದು, ಮತ್ತ ಗುಂಡು ಹಾಕೂದು. ಸಾವಕಾಶ ಆಗ್ತದ, ತಪ್ಪಾಗಂಗಿಲ್ಲ.”

ನಾನು ನೆಲ ನೋಡುತ್ತಾ ಕೇಳಿದೆ. “ಕಾಶಿಗಿ ಯಾವುದ್ರಿ?”

“ಅವರು ರೂಢಿ ಆಗ್ಯಾರ. ಅವರಿಗಿ ಸೆಮಿ ಆಟೋಮ್ಯಾಟಿಕ್.”

“ಹಂಗಾದ್ರ ನನಗೂ ಅದೇ ಕೊಡ್ರಿ.”

ಪರಪುರುಷರೊಂದಿಗೆ ನಾನು ಜೀವನದಲ್ಲಿ ಮಾಡಿದ ಅತಿ ಉದ್ದದ ವಾದ ಇದು. ಸುಬೇದಾರರು ಸೋತರು. ಅಂಥದೇ ಇನ್ನೊಂದು ಬಂದೂಕಿಗೆ ಐದು ಗುಂಡು ತುಂಬಿ, ಮರಳಿನ ಚೀಲದ ಮೇಲೆ ಇಟ್ಟು, “ಸೀಟಿ ಊದೋತನಕ ಘೋಡಾಕ್ಕ ಬೆರಳ ಹಚ್ಚಬ್ಯಾಡ್ರಿ. ನಿಮ್ಮ ಹಾಳಿ ನೋಡ್ರಿ, ಬ್ಯಾರೆ ಕಡಿ ನೋಡಬ್ಯಾಡ್ರಿ” ಎಂದು ಹೇಳಿ ಹಿಂದೆ ಸರಿದರು. ಆ ಕೊನೆಯ ಮಾತನ್ನು ಅವರು ಕಲ್ಲಿನ ಮೇಲೆ ಕೆತ್ತಿಸಿ ನನ್ನ ಕೊರಳಿಗೆ ಕಟ್ಟಬೇಕಿತ್ತು.

ದುರ್ಬೀನಿನಲ್ಲಿ ಕಣ್ಣಿಟ್ಟೆ. ಅಬ್ಬಾ! ಅಲ್ಲಿದ್ದ ಹಾಳೆ ಮೂಗಿನ ಮುಂದೆ ಬಂದು ನಿಂತಿತು. ‘ನಾಗಮ್ಮ’ ಎಂಬ ನೀಲಿ ಹೆಸರು, ನಡುವೆ ದುಂಡಗಿನ ಕಪ್ಪು. ಸೀಟಿ ಊದಿದರು. ಉಸಿರು ಹಿಡಿದೆ. ಎಲ್ಲವೂ ಸರಿಯಾಗಿತ್ತು.

ಅಷ್ಟರಲ್ಲಿ ಪಕ್ಕದ ಮೇಜಿನಿಂದ ‘ಟಪ್!’ ಎಂದಿತು. ಕಾಶಮ್ಮ ಹೊಡೆದಿದ್ದಳು.

ಎಲ್ಲಿ ಬಿದ್ದಿರಬಹುದು?

ಮಕ್ಕಳೇ, ನಿಜ ಹೇಳುತ್ತೇನೆ. ಒಂದೇ ಒಂದು ಸಲ ನೋಡಿ ವಾಪಸು ಬರೋಣ ಎಂದೇ ಬಂದೂಕನ್ನು ಆ ಕಡೆ ತುಸು ತಿರುಗಿಸಿದ್ದು. ದುರ್ಬೀನು ಬಂದೂಕಿಗೆ ಅಂಟಿಕೊಂಡೇ ಇತ್ತಲ್ಲ, ಏನು ಮಾಡಲಿ? ನೋಡಿದರೆ ಕಪ್ಪಿನ ನಟ್ಟನಡುವೆ ಒಂದು ತೂತು. ನೋಡುತ್ತಿರುವಾಗಲೇ ಅದರ ಪಕ್ಕ ಇನ್ನೊಂದು. ಕೆಳಗೆ ಕೆಂಪು ಶಾಯಿಯ ಹೆಸರು ಕಂಡಿತು. ಬಳ್ಳಿ ಕಂಡಿತು. ಬಳ್ಳಿಗೆ ಎಲೆ ಎಷ್ಟು ಎಂದು ಎಣಿಸಿದೆ. ಏಳು ಎಲೆ! ಒಂದು ಮೊಗ್ಗು ಬೇರೆ!

ಬೆರಳು ಯಾವಾಗ ಘೋಡಾದ ಮೇಲೆ ಹೋಯಿತೋ ನನಗೆ ತಿಳಿಯದು. ‘ಟಪ್!’

ಆ ಸದ್ದಿಗೆ ನಾನೇ ಬೆಚ್ಚಿದೆ, ನಳಿಗೆ ತುಸು ಮೇಲೆದ್ದಿತು. ಹಳೆಯ ಬಂದೂಕಾಗಿದ್ದರೆ ತಲೆ ಎತ್ತಬೇಕಿತ್ತು, ನಳಿಗೆ ಮಡಚಬೇಕಿತ್ತು, ಮತ್ತೆ ಕೂರುವಾಗ ಮೂರು ಯಾವುದು, ನಾಲ್ಕು ಯಾವುದು ಎಂದು ನೋಡಬೇಕಿತ್ತು. ಇದು ಸುಧಾರಿಸಿದ ಬಂದೂಕು. ಅದಕ್ಕೆ ಯಾವ ವಿಚಾರವೂ ಬೇಕಿಲ್ಲ! ಬಂದೂಕನ್ನು ಚೀಲದ ಜೊತೆಗೇ ಅಪ್ಪಿ ಹಿಡಿದುಕೊಂಡೆ. ಬೆರಳು ತಾನೇ ತಾನಾಗಿ ಒತ್ತಿತು. ಟಪ್, ಟಪ್, ಟಪ್, ಟಪ್. ಅಷ್ಟೇ ಆಗಿದ್ದರೆ ಹೋಗಲಿ. ಹಳೆಯ ಅಭ್ಯಾಸ ಗಂಟಲಿಗೆ ಬಂದು, ಆ ನಿಶ್ಶಬ್ದ ಶೆಡ್ಡಿನಲ್ಲಿ ನಾನು ಜೋರಾಗಿ ಕೂಗಿಬಿಟ್ಟೆ.

“ಹೋ... ಹೋಯ್!”

ಚಿತ್ತಾಪುರದ ಟೀಚರ ಕೈಯಲ್ಲಿದ್ದ ಚಹಾದ ಕಪ್ಪು ನೆಲಕ್ಕೆ ಬಿತ್ತು.

ಆದರೆ ಯಾರೂ ನನ್ನನ್ನು ನೋಡಲಿಲ್ಲ. ಏಕೆಂದರೆ ಅದೇ ಹೊತ್ತಿಗೆ ಕಾಶಮ್ಮ ಹಾವು ಕಂಡವಳ ಹಾಗೆ ಬಂದೂಕು ಬಿಟ್ಟು ಎದ್ದು ನಿಂತಿದ್ದಳು.

“ಸಾಹೇಬ್ರ! ನಾ ಎರಡೇ ಹೊಡದೀನಿ. ಘೋಡಾ ಒತ್ತಿಲ್ಲ, ತೂತು ತಾನೇ ಬೀಳ್ಲಿಕತ್ತಾವ! ಇದು ಸೆಮಿ ಅಲ್ರಿ, ಪೂರಾ ಆಟೋಮ್ಯಾಟಿಕ್ ಅದ!”

ಸುಬೇದಾರರು ಬಂದು ಆಕೆಯ ಬಂದೂಕು ಪರೀಕ್ಷಿಸಿದರು. ಮೂರು ಗುಂಡು ಒಳಗೇ ಇದ್ದವು. “ಕುಂದ್ರಿ, ಗಾಬರಿ ಆಗಬ್ಯಾಡ್ರಿ, ಉಳಿದ ಮೂರು ಹೊಡೀರಿ” ಎಂದರು. ಆಕೆ ದೇವರನ್ನು ನೆನೆದು ಮೂರೂ ಹೊಡೆದಳು. ಆಮೇಲೆ ಎರಡೂ ಹಾಳೆ ತರಿಸಿದರು.

ಕಾಶಮ್ಮನ ಹಾಳೆಯಲ್ಲಿ ಹತ್ತು ತೂತು.

ನನ್ನ ಹಾಳೆ ಅಂಗಡಿಯಿಂದ ಆಗಷ್ಟೇ ತಂದ ಹಾಗಿತ್ತು. ಅದರಲ್ಲಿ ಮಲ್ಲು ಮರುದಿನ ಗಣಿತದ ಲೆಕ್ಕ ಮಾಡಿದ.

ಸುಬೇದಾರರು ಒಮ್ಮೆ ಹಾಳೆ ನೋಡಿದರು, ಒಮ್ಮೆ ನನ್ನನ್ನು. ನಾನು ಸೆರಗನ್ನು ಎಷ್ಟು ಎಳೆದೆನೆಂದರೆ ಬೆನ್ನ ಕಡೆ ಏನೂ ಉಳಿದಿರಲಿಲ್ಲ.

“ಅವ್ವಾರ,” ಎಂದರು ಮೆಲ್ಲಗೆ, “ನಾ ಇಪ್ಪತ್ತು ವರ್ಷ ಫೌಜಿನಾಗ ಇದ್ದೆ. ಇಷ್ಟು ಒತ್ತೊತ್ತಾಗಿ ಬ್ಯಾರೆದವರ ಹಾಳಿಗಿ ಹೊಡದವರನ್ನ ನೋಡಿಲ್ಲ.”

ಶೆಡ್ಡಿನ ತಗಡು ಹಾರಿಹೋಗುವ ಹಾಗೆ ಎಲ್ಲರೂ ನಕ್ಕರು. ಭಾಗ್ಯ, ನೀನೂ ನಕ್ಕೆ. ನಾನು ನೋಡಿದ್ದೇನೆ.

ಈಗ ತೀರ್ಪಿನ ಮಾತು. ಚಿತ್ತಾಪುರದ ಟೀಚರು ಎದ್ದು ನಿಂತು, “ಹತ್ತರಾಗ ಯಾವ ಐದು ಹಿಡೀತೀರಿ?” ಎಂದು ನ್ಯಾಯವಾಗಿಯೇ ಕೇಳಿದರು. ಸುಬೇದಾರರು ನಿಯಮ ಹೇಳಿದರು. ಪಕ್ಕದವರ ಗುಂಡು ಬಂದು ಬಿದ್ದು, ಯಾವುದು ಯಾರದೆಂದು ತಿಳಿಯದೇ ಹೋದರೆ, ಹಾಳೆಯ ಒಡತಿಗೆ ಒಳ್ಳೆಯ ಐದನ್ನು ಕೊಡಬೇಕು. ಹೊಡೆದವಳಿಗೆ ಸೊನ್ನೆ. ಎಣಿಸಿದರು. ಒಂಬತ್ತು ತೂತು ಕಪ್ಪಿನೊಳಗೆ ಇದ್ದವು. ಅವುಗಳಲ್ಲಿ ಒಳ್ಳೆಯ ಐದನ್ನು ಆರಿಸಿದಾಗ ಕಾಶಮ್ಮ ಟೀಚರಿಗಿಂತ ಒಂದೇ ಒಂದು ಅಂಕ ಮುಂದೆ ಹೋದಳು.

ಅಂದರೆ ಏನಾಯಿತು? ಆಕೆಯನ್ನು ಸೋಲಿಸಲು ಹೋಗಿ, ಸೋಲಬಹುದಾಗಿದ್ದ ಆಕೆಯನ್ನು ನಾನೇ ಗೆಲ್ಲಿಸಿ ಬಂದೆ! ಆಡಕಿಯ ಶಾಲೆಯ ಪಾಟಿ, ಭಂಕೂರಿನ ಬದು, ವಾಡಿಯ ಶೆಡ್ಡು. ಊರು ಬೇರೆ, ಕೆಲಸ ಒಂದೇ.

ಟಂಟಂನಲ್ಲಿ ವಾಪಸು ಬರುವಾಗ ನಾನು ಹೊರಗೆ ನೋಡುತ್ತಾ ಕುಳಿತಿದ್ದೆ. ಕಾಶಮ್ಮ ಪದಕ ತೆಗೆದು ನನ್ನ ಮಡಿಲಲ್ಲಿ ಇಟ್ಟಳು.

“ಯಕ್ಕಾ, ಇದು ನಿಂದೂ ಅದ.”

“ಒಲ್ಲೆ.”

“ಒಂದು ಮಾತು ಹೇಳ್ಲಿ? ಸಿಟ್ಟಾಗಬಾರದು. ಆವಾಗ ಅತ್ತಿ ನನ್ನ ಹೊಗಳ್ತಿದ್ರಲ್ಲ, ಕಾಶಿ ಚಲೋ ಕಾದಾಳ ಅಂತ. ನನಗ ಕವಣಿ ತಿರುವಾಕೇ ಬರ್ತಿದ್ದಿಲ್ಲ. ಕಲ್ಲೆಲ್ಲಾ ನಿನ್ನ ಕಡಿಂದ ಬರ್ತಿದ್ವು. ನಾ ಅಟ್ಟದ ಮ್ಯಾಲ ತಲಿ ಬಗ್ಗಿಸಿ ಕುಂತು ನಿದ್ದಿ ಮಾಡ್ತಿದ್ದೆ.”

ನಾನು ಆಕೆಯ ಮುಖ ನೋಡಿದೆ. “ಗೊತ್ತಿದ್ದೂ ಇಷ್ಟು ವರ್ಷ ಸುಮ್ನಿದ್ದಿ?”

“ಹೇಳಿದ್ರ ನೀ ಒಗೆಯೂದು ಬಿಡ್ತಿದ್ದಿ” ಎಂದಳು ಆ ಮಹಾತಾಯಿ.

ನಗು ಬಂತು. ಆದರೂ ಹೊಟ್ಟೆಕಿಚ್ಚು ಹೋಯಿತೆಂದು ತಿಳಿಯಬೇಡಿ. ಇಷ್ಟು ದಿನ ಆಕೆಯ ಗುರಿಗೆ ಉರಿಯುತ್ತಿದ್ದೆ, ಈಗ ಆಕೆಯ ನಿದ್ದೆಗೂ ಉರಿಯತೊಡಗಿದೆ.

ಮನೆಗೆ ಬಂದ ಮೇಲೆ ನೀನು ಹಳೆಯ ಹಾಳೆ ತೆಗೆದು ಹತ್ತು ತೂತಿನ ಹಾಳೆ ಗೂಟಕ್ಕೆ ಹಾಕಿದೆ, ಭಾಗ್ಯ. ಕಾಶಮ್ಮ ಅಡುಗೆಮನೆಗೆ ಹೋಗಿ, ಉಳ್ಳಾಗಡ್ಡಿ ಬುಟ್ಟಿಗೆ ಸುರಿದು, ಕವಣಿಯನ್ನು ಝಾಡಿಸಿ ತಂದು ಅದೇ ಗೂಟಕ್ಕೆ ಹಾಳೆಯ ಮೇಲೆ ತೂಗುಹಾಕಿದಳು. ಕವಣಿಗೆ ಇನ್ನೂ ಉಳ್ಳಾಗಡ್ಡಿಯ ವಾಸನೆ ಇದೆ. ಮನೆಗೆ ಬಂದವರೆಲ್ಲ, “ಐದು ಗುಂಡಿಗೆ ಹತ್ತು ತೂತು ಹ್ಯಾಂಗ?” ಎಂದು ಕೇಳುತ್ತಾರೆ. ಕಪ್ಪಿನ ನಡುವೆ ಇರುವವು ನನ್ನವು ಎಂದು ನಾನು ಹೇಳುತ್ತೇನೆ. ತನ್ನವು ಎಂದು ಆಕೆ ಹೇಳುತ್ತಾಳೆ. ಹಾಳೆಯ ಕೆಳಗೆ, ಕಪ್ಪಿನಿಂದ ದೂರ, ಕೆಂಪು ಶಾಯಿಯ ‘ಕಾಶಮ್ಮ’ ಎಂಬ ಹೆಸರಿನ ಮೇಲೆಯೇ ಬಿದ್ದ ಹತ್ತನೆಯ ತೂತಿನ ಮಾತು ಬಂದಾಗ ಮಾತ್ರ ನಾನು ಚಹಾ ಇಡಲು ಒಳಗೆ ಎದ್ದು ಹೋಗುತ್ತೇನೆ.

ಅದನ್ನು ಹೇಳುವುದಕ್ಕೇ ಇಷ್ಟೆಲ್ಲ ಬರೆದದ್ದು. ಆ ತೂತು ನನ್ನದು. ಕಣ್ಣು ತೆರೆದು ನಾನು ಹೊಡೆದದ್ದು ಅದೊಂದೇ ಗುಂಡು. ಉಳಿದ ನಾಲ್ಕು ಹೊಡೆಯುವಾಗ ಎರಡೂ ಕಣ್ಣು ಗಟ್ಟಿಯಾಗಿ ಮುಚ್ಚಿದ್ದೆ. ಕಣ್ಣು ತೆರೆದಾಗ ನನ್ನ ಗುರಿ ಒಂದು ಕೂದಲೂ ತಪ್ಪಲಿಲ್ಲ. ನಾನು ನೋಡುತ್ತಿದ್ದಲ್ಲಿಗೇ ಹೋಯಿತು.

ನಾನು ಬರೆದ ಈ ಹಾಳೆಗಳನ್ನು ಜೋಪಾನವಾಗಿ ಇಟ್ಟುಕೊಳ್ಳಿರಿ, ಮಕ್ಕಳೇ. ನನ್ನ ಕಬ್ಬಿಣದ ಪೆಟ್ಟಿಗೆಯ ತಳದಲ್ಲಿ, ನಿಮ್ಮ ಮುತ್ಯಾನ ರುಮಾಲಿನ ಕೆಳಗೆ ಇಡಿರಿ. ನಿಮ್ಮ ಸಣ್ಣಾಯಿಯ ಕೈಗೆ ಸಿಗದಿರಲಿ. ಗೂಟಕ್ಕೆ ಮಾತ್ರ ಸಿಗಿಸಬೇಡಿರಿ. ಅಲ್ಲಿ ಆಗಲೇ ನಾವಿಬ್ಬರು ಇದ್ದೇವೆ.